ಪೊಸೆಸಿವ್‌ನ ಮುಂದೆ ಏನಿದೆ? ಇಂಗ್ಲಿಷ್ ಶಿಕ್ಷಕರಿಗೊಂದು ಬಹಿರಂಗ ಪತ್ರ

ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಹೇಳುವ ಎಲ್ಲ ಶಿಕ್ಷಕ, ಶಿಕ್ಷಕಿಯರಿಗೆ,

ಇಂಗ್ಲಿಷಿನಲ್ಲಿ ಕ್ರಿಯಾಪದದ ಅಥವಾ ಪ್ರಿಪೊಸಿಷನ್ನಿನ ಬೆನ್ನಿಗೇ ಅಪಾಸ್ಟ್ರಫಿ ಎಸ್ ಹೊತ್ತ ನಾಮಪದ ಬಂದರೆ, ಅವೆರಡಕ್ಕೂ ನೇರ ಸಂಬಂಧ ಇರುವುದಿಲ್ಲ. ಸಂಬಂಧವಿರುವುದು ಆ ನಾಮಪದದ ಮುಂದಿರುವ ಪದದೊಂದಿಗೆ. ಮುಂದೆ ಯಾವ ಪದವೂ ಕಾಣದಿದ್ದರೆ, ಹೇಳದೆ ಬಿಟ್ಟ ಪದವೊಂದು ಅಲ್ಲಿದೆ ಎಂದೇ ತಿಳಿಯಬೇಕು. “ಐ ನೋ ರವಿ” ಎಂದರೆ ಪರಿಚಯವಿರುವುದು ರವಿಯದು. “ಐ ನೋ ರವಿ’ಸ್ ಬ್ರದರ್” ಎಂದರೆ ಪರಿಚಯವಿರುವುದು ಅವನ ಅಣ್ಣನದು. ರವಿಯ ಮುಖವನ್ನೇ ನೋಡಿರದಿದ್ದರೂ ಈ ವಾಕ್ಯ ನಿಜವಾಗಿರಬಲ್ಲದು. “ದೇ ಟಾಕ್ಡ್ ಅಬೌಟ್ ರವಿ” ಎಂಬಲ್ಲಿ ಮಾತಿನ ವಿಷಯ ರವಿ. “ದೇ ಟಾಕ್ಡ್ ಅಬೌಟ್ ರವಿ’ಸ್ ಜಾಬ್” ಎಂಬಲ್ಲಿ ಮಾತಿನ ವಿಷಯ ಕೆಲಸ. ಈ ಒಂದು ಸೂತ್ರ ಮಕ್ಕಳ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತರೆ ಪೊಸೆಸಿವ್ ಕುರಿತ ಬಹುಪಾಲು ಗೊಂದಲ ಬಗೆಹರಿಯುತ್ತದೆ.

ಕನ್ನಡದ ಮಗುವಿಗೆ ಇಲ್ಲಿ ತೊಡಕಾಗಲು ಕಾರಣ ಪದಗಳ ಸರದಿ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಬಾಲದಲ್ಲಿ ಬರುತ್ತದೆ. “ರವಿಯ ಅಣ್ಣನನ್ನು” ಎಂದಾಗ “ಅನ್ನು” ಅಂಟಿರುವುದು ಅಣ್ಣನಿಗೆ. ರವಿಗೆ ಉಳಿದದ್ದು “ಅ” ಎಂಬ ಷಷ್ಠೀ ಪ್ರತ್ಯಯ ಮಾತ್ರ. “ರವಿಯ ಮನೆಯಲ್ಲಿ” ಎಂದಾಗ “ಅಲ್ಲಿ” ಕೂತಿರುವುದು ಮನೆಯ ಮೇಲೆ. ಯಾವ ಪದ ಯಾವುದಕ್ಕೆ ಸೇರಿದ್ದು ಎಂಬುದನ್ನು ಕಿವಿಯೇ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. “ಇನ್ ರವಿ’ಸ್ ಹೌಸ್” ಎಂಬಲ್ಲಿ “ಇನ್” ಮೊದಲೇ ಬಂದು ನಿಲ್ಲುತ್ತದೆ, ಅದರ ಪಕ್ಕದಲ್ಲಿ ರವಿ ಇರುತ್ತಾನೆ, ಅದು ನಿಜವಾಗಿ ಹುಡುಕುತ್ತಿರುವ ಮನೆ ಕೊನೆಯಲ್ಲಿ ಬರುತ್ತದೆ. ಮಗು ಪಕ್ಕದ ಪದವನ್ನೇ ಹಿಡಿದುಕೊಳ್ಳುತ್ತದೆ, ಅರ್ಥ ಜಾರುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಒಳಗಿನದು. ಇಂಗ್ಲಿಷಿನ ಪ್ರಿಪೊಸಿಷನ್ ಮಾಡುವ ಕೆಲಸವನ್ನು ಕನ್ನಡದಲ್ಲಿ ಬಹಳ ಕಡೆ ಮೇಲೆ, ಕೆಳಗೆ, ಹತ್ತಿರ, ಜೊತೆ, ಬಗ್ಗೆ, ಮುಂದೆ, ಹಿಂದೆ ಮುಂತಾದ ಪದಗಳು ಮಾಡುತ್ತವೆ. ಇವು ತಮ್ಮ ಹಿಂದಿನ ನಾಮಪದಕ್ಕೆ ಷಷ್ಠಿಯನ್ನೇ ಕೇಳುತ್ತವೆ: ಮರದ ಕೆಳಗೆ, ಶಾಲೆಯ ಹತ್ತಿರ, ಅಮ್ಮನ ಜೊತೆ, ರವಿಯ ಬಗ್ಗೆ. ಹಾಗಾಗಿ ಕನ್ನಡದಲ್ಲಿ “ರವಿಯ” ಎಂದು ಕೇಳಿದ ಮಾತ್ರಕ್ಕೆ ಮುಂದೆ ರವಿಗೆ ಸೇರಿದ ವಸ್ತುವೇ ಬರಬೇಕೆಂದಿಲ್ಲ. “ಬಗ್ಗೆ” ಎಂದೋ “ಹತ್ತಿರ” ಎಂದೋ ಬಂದು ಮಾತು ಮುಗಿಯಬಹುದು. ಇಂಗ್ಲಿಷಿನ ಪ್ರಿಪೊಸಿಷನ್ ಷಷ್ಠಿಯನ್ನು ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಪ್ರತ್ಯಯವಿಲ್ಲದ ನಾಮಪದ: “ಅಂಡರ್ ದಿ ಟ್ರೀ”, “ನಿಯರ್ ದಿ ಸ್ಕೂಲ್”, “ವಿತ್ ಮದರ್”. ಸರ್ವನಾಮವಾದರೆ “ಹಿಮ್”, “ಹರ್”, “ದೆಮ್”. ಆದ್ದರಿಂದ ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಆದಮೇಲೆ ಅಪಾಸ್ಟ್ರಫಿ ಎಸ್ ಕಂಡರೆ ಅದೊಂದು ಖಚಿತ ಗುರುತು: ಈ ನಾಮಪದಕ್ಕೆ ಸೇರಿದ ಇನ್ನೊಂದು ವಸ್ತು ಮುಂದಿದೆ. “ಅಬೌಟ್ ರವಿ” ಎಂಬುದು ಕನ್ನಡದ “ರವಿಯ ಬಗ್ಗೆ”. “ಅಬೌಟ್ ರವಿ’ಸ್” ಎಂಬುದು “ರವಿಯದರ ಬಗ್ಗೆ”. ಈ ಎರಡರ ಅಂತರವನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ಮಕ್ಕಳಿಗೆ ಕೂಡಲೇ ಹೊಳೆಯುತ್ತದೆ.

ಭಾರತದ ವ್ಯಾಕರಣ ಪರಂಪರೆಗೆ ಈ ವಿಚಾರ ಹೊಸದಲ್ಲ. ಕ್ರಿಯೆಯೊಂದಿಗೆ ನೇರವಾಗಿ ಕೂಡುವ ಕಾರಕಗಳು ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ ಎಂದು ಆರು. ಷಷ್ಠಿ ಆ ಪಟ್ಟಿಯಲ್ಲಿಲ್ಲ. ಅದು ನಾಮಪದವನ್ನು ಇನ್ನೊಂದು ನಾಮಪದಕ್ಕೆ ಕಟ್ಟುವ ಸಂಬಂಧ ಮಾತ್ರ. ಕನ್ನಡ ವ್ಯಾಕರಣದ ತರಗತಿಯಲ್ಲಿ ಷಷ್ಠಿಯ ಎದುರು “ಸಂಬಂಧ” ಎಂದು ಬರೆಸುವುದು ಇದೇ ಕಾರಣಕ್ಕೆ. ಇಂಗ್ಲಿಷಿನ ಪೊಸೆಸಿವ್‌ಗೂ ಈ ಮಾತು ಹಾಗೆಯೇ ಸಲ್ಲುತ್ತದೆ: ಅದು ಕ್ರಿಯಾಪದದ ಕರ್ಮವಾಗಲಾರದು, ಪ್ರಿಪೊಸಿಷನ್ನಿನ ಆಶ್ರಯವಾಗಲಾರದು, ಆ ಸ್ಥಾನ ಅದು ಹಿಡಿದಿರುವ ನಾಮಪದದ್ದು. ಕನ್ನಡ ಪಂಡಿತರು ಕಲಿಸಿದ್ದನ್ನೇ ಇಂಗ್ಲಿಷ್ ತರಗತಿಗೂ ತಂದುಕೊಂಡರೆ ಮಕ್ಕಳಿಗೆ ಎರಡು ಕಡೆಯ ಪಾಠ ಒಂದಾಗುತ್ತದೆ.

ಅಪಾಸ್ಟ್ರಫಿ ಎಸ್ ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ಚಿಕ್ಕದಾಗಿ ಹೇಳಬಹುದು. ಹಳೆಯ ಇಂಗ್ಲಿಷಿನಲ್ಲಿ ಕನ್ನಡದಂತೆಯೇ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು. ಷಷ್ಠಿಗೆ ಹಲವು ರೂಪಗಳಿದ್ದು, “ಎಸ್” ಎಂದು ಮುಗಿಯುವ ರೂಪ ಅವುಗಳಲ್ಲೊಂದು. ಕಾಲಕ್ರಮದಲ್ಲಿ ಉಳಿದ ವಿಭಕ್ತಿಗಳು ನಾಮಪದಗಳಿಂದ ಸವೆದುಹೋದವು. ಈ ಒಂದು ಪ್ರತ್ಯಯ ಮಾತ್ರ ಉಳಿದು ಎಲ್ಲ ನಾಮಪದಗಳಿಗೂ ಹರಡಿತು. ಅಪಾಸ್ಟ್ರಫಿ ಚಿಹ್ನೆ ಇಂಗ್ಲಿಷ್ ಮುದ್ರಣಕ್ಕೆ ಬಂದದ್ದು 16ನೆಯ ಶತಮಾನದಲ್ಲಿ. “ಹಿಸ್” ಎಂಬ ಸರ್ವನಾಮ ಸವೆದು ಈ ಎಸ್ ಆಗಿದೆ ಎಂಬ ನಂಬಿಕೆ ಬಹುಕಾಲ ಇತ್ತು. 1755ರಲ್ಲಿ ಪ್ರಕಟವಾದ ತನ್ನ ನಿಘಂಟಿನ ಜೊತೆಗಿನ ವ್ಯಾಕರಣದಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಅದನ್ನು ತಳ್ಳಿಹಾಕಿದ. ಹೆಂಗಸನ್ನು ಹೇಳುವ ಪದಗಳಿಗೂ ಇದೇ ಎಸ್ ಹತ್ತುವಾಗ ಅದು “ಹಿಸ್” ಆಗಿರಲಾರದು ಎಂಬುದು ಅವನ ವಾದ.

ಇಂದಿನ ಇಂಗ್ಲಿಷಿನಲ್ಲಿ ಈ ಎಸ್ ಒಂದು ಪದಕ್ಕಷ್ಟೇ ಅಲ್ಲ, ಇಡೀ ಪದಪುಂಜದ ಕೊನೆಗೂ ಅಂಟುತ್ತದೆ. “ರವಿ ಅಂಡ್ ಸೀತಾ’ಸ್ ಹೌಸ್” ಎಂಬಲ್ಲಿ ಮನೆ ಇಬ್ಬರದೂ ಹೌದು, ಪ್ರತ್ಯಯ ಮಾತ್ರ ಒಂದೇ. ಕನ್ನಡದ “ರವಿ ಮತ್ತು ಸೀತೆಯ ಮನೆ” ಎಂಬುದೂ ಹೀಗೆಯೇ ನಡೆಯುವುದರಿಂದ ಇದು ಮಕ್ಕಳಿಗೆ ಕಷ್ಟವಲ್ಲ.

ನಾಮಪದಗಳಿಗೆ ಬರವಣಿಗೆಯ ನಿಯಮಗಳು ಮೂರು ಸಾಕು. ಏಕವಚನಕ್ಕೆ ಅಪಾಸ್ಟ್ರಫಿಯೂ ಎಸ್ಸೂ ಬರುತ್ತವೆ. ಎಸ್ಸಿನಿಂದ ಮುಗಿಯುವ ಬಹುವಚನಕ್ಕೆ ಕೊನೆಯಲ್ಲಿ ಅಪಾಸ್ಟ್ರಫಿ ಮಾತ್ರ. “ಚಿಲ್ಡ್ರನ್”, “ವಿಮೆನ್” ಮುಂತಾದ ಎಸ್ ಇಲ್ಲದ ಬಹುವಚನಗಳಿಗೆ ಮತ್ತೆ ಎರಡೂ ಬರುತ್ತವೆ. “ಹರ್ಸ್”, “ಅವರ್ಸ್”, “ಯುವರ್ಸ್”, “ದೇರ್ಸ್” ಎಂಬ ಸರ್ವನಾಮಗಳಿಗೆ ಅಪಾಸ್ಟ್ರಫಿ ಇಲ್ಲವೇ ಇಲ್ಲ. “ಇಟ್ಸ್” ಎಂಬುದಕ್ಕೆ ಅಪಾಸ್ಟ್ರಫಿ ಹಾಕಿದರೆ ಅದು “ಇಟ್ ಈಸ್” ಅಥವಾ “ಇಟ್ ಹ್ಯಾಸ್” ಆಗಿಬಿಡುತ್ತದೆ.

ಇನ್ನು ಕ್ರಿಯಾಪದ, ಪ್ರಿಪೊಸಿಷನ್‌ಗಳ ಬಳಿಕ ಪೊಸೆಸಿವ್ ಬರುವ ಬಗೆಗಳನ್ನು ಒಂದೊಂದಾಗಿ ನೋಡಬಹುದು. ಅವು ಐದು.

ಮೊದಲನೆಯದು ಪೊಸೆಸಿವ್‌ನ ಮುಂದೆ ನಾಮಪದ ಎದ್ದು ಕಾಣುವ ಬಗೆ. “ಶೀ ಬಾರೋಡ್ ಸೀತಾ’ಸ್ ಅಂಬ್ರೆಲಾ”, “ಹೀ ವೇಟೆಡ್ ಔಟ್‌ಸೈಡ್ ದಿ ಹೆಡ್‌ಮಾಸ್ಟರ್’ಸ್ ರೂಮ್” ಎಂಬಂಥ ವಾಕ್ಯಗಳಲ್ಲಿ ವಿವರಿಸುವಂಥದ್ದು ಹೆಚ್ಚಿಲ್ಲ. ಆದರೆ ಈ ಗುಂಪಿನಲ್ಲೇ ಕಾಲವನ್ನೂ ಬೆಲೆಯನ್ನೂ ಹೇಳುವ ಪೊಸೆಸಿವ್ ಇದೆ, ಅದರ ಕಡೆಗೆ ಗಮನ ಬೇಕು. ಶಾಲೆಯಲ್ಲಿ ಪ್ರತಿ ಮಗುವೂ ಬರೆಯುವ ರಜೆಚೀಟಿಯನ್ನೇ ತೆಗೆದುಕೊಳ್ಳಬಹುದು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ಎಡಗಡೆ “ಫ್ರಮ್”, ಅದರ ಕೆಳಗೆ “ಟು”, ಬಳಿಕ ಜ್ವರದ ಸುದ್ದಿ, ಕೊನೆಗೆ “ಟೂ ಡೇಸ್ ಲೀವ್” ಬೇಕೆಂಬ ಕೋರಿಕೆ. ಈ “ಡೇಸ್” ಎಂಬುದರ ತಲೆಯ ಮೇಲೆ ಅಪಾಸ್ಟ್ರಫಿ ಇರುವುದು ಅಪರೂಪ. ಆದರೆ ಅದು ಬರಿಯ ಬಹುವಚನವಲ್ಲ, ಪೊಸೆಸಿವ್. ಕನ್ನಡದಲ್ಲಿ “ಎರಡು ದಿನ ರಜೆ” ಎಂದೂ ಹೇಳುತ್ತಾರೆ, “ಎರಡು ದಿನದ ರಜೆ” ಎಂದೂ ಹೇಳುತ್ತಾರೆ. ಎರಡನೆಯದರಲ್ಲಿರುವ “ದಿನದ” ಎಂಬ ಷಷ್ಠಿಯೇ ಇಂಗ್ಲಿಷಿನ “ಡೇಸ್’”. ಒಂದು ದಿನವಾದರೆ “ವನ್ ಡೇ’ಸ್ ಲೀವ್”. ಅಪಾಸ್ಟ್ರಫಿ ಎಸ್ಸಿಗಿಂತ ಮೊದಲು. ಎರಡು ದಿನವಾದರೆ “ಟೂ ಡೇಸ್’ ಲೀವ್”. ಅಪಾಸ್ಟ್ರಫಿ ಎಸ್ಸಿನ ಬಳಿಕ. “ಆಫ್ಟರ್ ಎ ವೀಕ್’ಸ್ ರೆಸ್ಟ್” ಎಂದರೆ ಒಂದು ವಾರದ ವಿಶ್ರಾಂತಿಯ ಮೇಲೆ. “ಟೆನ್ ರುಪೀಸ್’ ವರ್ತ್ ಆಫ್ ಶುಗರ್” ಎಂದರೆ ಹತ್ತು ರೂಪಾಯಿಯ ಸಕ್ಕರೆ. ಕನ್ನಡದ ಷಷ್ಠಿ ಇಲ್ಲಿ ಮಗುವಿನ ನೆರವಿಗೇ ಇದೆ.

ಎರಡನೆಯದು ಒಮ್ಮೆ ಹೇಳಿದ ನಾಮಪದವನ್ನು ಮತ್ತೆ ಹೇಳದೆ ಬಿಡುವ ಬಗೆ. “ಮೈ ಪೆನ್ ಈಸ್ ಲಾಸ್ಟ್, ಸೋ ಐ ಯೂಸ್ಡ್ ರವಿ’ಸ್” ಎಂಬಲ್ಲಿ ಬಳಸಿದ್ದು ರವಿಯನ್ನಲ್ಲ, ರವಿಯ ಪೆನ್ನನ್ನು. “ಪೆನ್” ಎಂಬ ಪದ ಮೊದಲೇ ಬಂದಿರುವುದರಿಂದ ಎರಡನೆಯ ಸಲ ಅದು ಮೌನವಾಗಿದೆ. ಕನ್ನಡದ ಷಷ್ಠಿ ಹೀಗೆ ಒಂಟಿಯಾಗಿ ನಿಲ್ಲಲಾರದು. “ರವಿಯ” ಎಂದು ನಿಲ್ಲಿಸಿದರೆ ಮಾತು ಅಂತರದಲ್ಲಿ ಉಳಿಯುತ್ತದೆ. ಅದಕ್ಕೆ “ಅದು” ಸೇರಿ “ರವಿಯದು” ಆಗಬೇಕು, ಆಮೇಲೆ ವಿಭಕ್ತಿಗಳೆಲ್ಲ ಅದರ ಮೇಲೆ ಹತ್ತುತ್ತವೆ: ರವಿಯದನ್ನು, ರವಿಯದಕ್ಕೆ, ರವಿಯದರಲ್ಲಿ, ರವಿಯದಕ್ಕಿಂತ. ಇಂಗ್ಲಿಷಿನಲ್ಲಿ ಈ ಎಲ್ಲದಕ್ಕೂ “ರವಿ’ಸ್” ಒಂದೇ ರೂಪ. ಅದರ ಹಿಂದಿರುವ ಕ್ರಿಯಾಪದ ಅಥವಾ ಪ್ರಿಪೊಸಿಷನ್ ಉಳಿದದ್ದನ್ನು ಹೇಳುತ್ತದೆ. ಸರ್ವನಾಮಗಳಲ್ಲಿ ಮಾತ್ರ ಒಂಟಿ ನಿಲ್ಲುವ ರೂಪ ಬೇರೆ: “ಮೈ” ಹೋಗಿ “ಮೈನ್”, “ಯುವರ್” ಹೋಗಿ “ಯುವರ್ಸ್”, “ಹರ್” ಹೋಗಿ “ಹರ್ಸ್”. “ಹಿಸ್” ಬದಲಾಗುವುದಿಲ್ಲ.

ಹೋಲಿಕೆಯ ವಾಕ್ಯಗಳಲ್ಲಿ ಈ ಎರಡನೆಯ ಬಗೆ ಬಹಳ ಮುಖ್ಯ. “ಮೈ ಹ್ಯಾಂಡ್‌ರೈಟಿಂಗ್ ಈಸ್ ಬೆಟರ್ ದ್ಯಾನ್ ರವಿ” ಎಂದು ಬರೆದರೆ ಕೈಬರಹವನ್ನು ಒಬ್ಬ ಹುಡುಗನೊಂದಿಗೆ ಹೋಲಿಸಿದಂತಾಗುತ್ತದೆ. ಹೋಲಿಸಬೇಕಾದದ್ದು ಬರಹವನ್ನು ಬರಹದೊಂದಿಗೆ: “ದ್ಯಾನ್ ರವಿ’ಸ್”. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ, ಕೇರಳದ್ದು ಸುಮಾರು 3.34 ಕೋಟಿ. ಈ ಕನ್ನಡ ವಾಕ್ಯದಲ್ಲಿ “ಕೇರಳದ್ದು” ಎಂಬ ಪದವನ್ನು ಯಾವ ಮಗುವೂ ತಪ್ಪಿಸುವುದಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ಹೇಳುವಾಗ “ಕರ್ನಾಟಕ’ಸ್ ಪಾಪ್ಯುಲೇಷನ್ ಈಸ್ ಲಾರ್ಜರ್ ದ್ಯಾನ್ ಕೇರಳ’ಸ್” ಎನ್ನಬೇಕು. ಕನ್ನಡದಲ್ಲಿ “ದು” ಬಂದ ಕಡೆ ಇಂಗ್ಲಿಷಿನಲ್ಲಿ ಅಪಾಸ್ಟ್ರಫಿ ಎಸ್ ಬೇಕೆಂದು ಹೇಳಿಕೊಟ್ಟರೆ ಸಾಕು. “ಲೈಕ್”, “ಡಿಫರೆಂಟ್ ಫ್ರಮ್”, “ಸಿಮಿಲರ್ ಟು” ಮುಂತಾದವುಗಳ ಬಳಿಕವೂ ಇದೇ ಎಚ್ಚರ ಬೇಕು.

ಮೂರನೆಯದು ಸ್ಥಳದ ಹೆಸರನ್ನು ಬಿಡುವ ಬಗೆ. ಇಲ್ಲಿ ಬಿಟ್ಟ ಪದ ಮೊದಲು ಎಲ್ಲೂ ಬಂದಿರಬೇಕಾಗಿಲ್ಲ. ಬಳಕೆಯಿಂದಲೇ ಅದು ಎಲ್ಲರಿಗೂ ಗೊತ್ತು. “ವಿ ಸ್ಟೇಡ್ ಅಟ್ ಮೈ ಅಂಕಲ್’ಸ್” ಎಂದರೆ ಉಳಿದದ್ದು ಮಾವನ ಮನೆಯಲ್ಲಿ. “ಶೀ ವೆಂಟ್ ಟು ದಿ ಡಾಕ್ಟರ್’ಸ್” ಎಂದರೆ ಹೋದದ್ದು ಡಾಕ್ಟರ ಕ್ಲಿನಿಕ್ಕಿಗೆ. ಮನೆ, ಅಂಗಡಿ, ಕ್ಲಿನಿಕ್, ಚರ್ಚು, ಶಾಲೆ, ಕಾಲೇಜು, ಆಸ್ಪತ್ರೆ ಇಂಥವುಗಳಿಗೆ ಈ ಬಿಡುವಿಕೆ ಸಲ್ಲುತ್ತದೆ, ಎಲ್ಲ ಸ್ಥಳಗಳಿಗೂ ಅಲ್ಲ. ಕನ್ನಡದಲ್ಲೂ ಇದಕ್ಕೆ ಹತ್ತಿರದ ಮಾತುಗಳಿವೆ. “ಅವರಲ್ಲಿಗೆ ಹೋಗಿದ್ದೆವು”, “ನಮ್ಮಲ್ಲಿ ಇವತ್ತು ಪೂಜೆ” ಎಂದಾಗ ಮನೆ ಎಂಬ ಪದ ಬಾಯಿಗೆ ಬರುವುದಿಲ್ಲ, ಕೇಳಿದವರಿಗೆ ಮನೆ ಎಂದೇ ತಿಳಿಯುತ್ತದೆ.

ಈ ಬಗೆಗೆ ಕನ್ನಡಿಗರೆಲ್ಲರ ಬಾಯಲ್ಲಿರುವ ಉದಾಹರಣೆ ಕ್ರಿಕೆಟ್ಟಿನದು. 1983ರ ಜೂನ್ 25ರಂದು ಭಾರತ ವಿಶ್ವಕಪ್ ಗೆದ್ದದ್ದು ಲಂಡನ್ನಿನ ಲಾರ್ಡ್ಸ್‌ನಲ್ಲಿ. ಈ ಹೆಸರು ಪ್ರಭುಗಳು ಎಂಬ ಅರ್ಥದ ಬಹುವಚನವೆಂದು ಅನೇಕರು ತಿಳಿದಿದ್ದಾರೆ. ಅದು ಪೊಸೆಸಿವ್. ಥಾಮಸ್ ಲಾರ್ಡ್ ಎಂಬ ಕ್ರಿಕೆಟಿಗ 1787ರಲ್ಲಿ ಲಂಡನ್ನಿನಲ್ಲಿ ತನ್ನ ಮೊದಲ ಮೈದಾನ ತೆರೆದ. ಆಮೇಲೆ ಎರಡು ಸಲ ಜಾಗ ಬದಲಾಗಿ, 1814ರಲ್ಲಿ ಸೇಂಟ್ ಜಾನ್’ಸ್ ವುಡ್ ಎಂಬ ಪ್ರದೇಶದಲ್ಲಿ ಈಗಿನ ಮೈದಾನ ಆರಂಭವಾಯಿತು. ಲಾರ್ಡ್ ಎಂಬವನ ಮೈದಾನ ಎಂಬುದು “ಲಾರ್ಡ್’ಸ್” ಆಗಿ ನಿಂತಿತು. “ದಿ ಫೈನಲ್ ವಾಸ್ ಪ್ಲೇಡ್ ಅಟ್ ಲಾರ್ಡ್’ಸ್” ಎಂದು ಬರೆಯುವಾಗ “ಅಟ್” ಆದಮೇಲೆ ಅಪಾಸ್ಟ್ರಫಿ ಇರಲೇಬೇಕು. ಬಿಟ್ಟುಹೋದ ಪದ “ಗ್ರೌಂಡ್”. ಬೆಂಗಳೂರಿನಲ್ಲೂ ಇಂಥ ಹೆಸರುಗಳಿವೆ. ಸೇಂಟ್ ಮಾರ್ಕ್’ಸ್ ರಸ್ತೆಯ ಹೆಸರಿನಲ್ಲಿರುವುದು ಮಾರ್ಕ್ ಎಂಬ ಸಂತನ ಷಷ್ಠಿ. “ಹೀ ಸ್ಟಡೀಡ್ ಅಟ್ ಸೇಂಟ್ ಜೋಸೆಫ್’ಸ್” ಎಂದಾಗ ಬಿಟ್ಟುಹೋದ ಪದ ಶಾಲೆ ಅಥವಾ ಕಾಲೇಜು. ಬಾಯಿಪಾಠವಾಗಿರುವ ಹೆಸರುಗಳನ್ನೇ ಬಿಡಿಸಿ ತೋರಿಸಿದರೆ ವ್ಯಾಕರಣ ಮಕ್ಕಳಿಗೆ ಪರಕೀಯವೆನಿಸುವುದಿಲ್ಲ.

ನಾಲ್ಕನೆಯದು “ಆಫ್” ಎಂಬ ಪ್ರಿಪೊಸಿಷನ್ನಿನ ಬಳಿಕ ಬರುವ ಪೊಸೆಸಿವ್: “ಎ ಫ್ರೆಂಡ್ ಆಫ್ ಮೈ ಫಾದರ್’ಸ್”. “ಆಫ್” ಎಂಬುದೇ ಷಷ್ಠಿಯ ಅರ್ಥ ಕೊಡುವಾಗ ಮತ್ತೆ ಅಪಾಸ್ಟ್ರಫಿ ಎಸ್ ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ಇಂಗ್ಲಿಷ್ ನಾಮಪದದ ಕಟ್ಟುಪಾಡಿನಲ್ಲಿದೆ. ಇಂಗ್ಲಿಷಿನಲ್ಲಿ ನಾಮಪದದ ಮುಂಭಾಗದಲ್ಲಿ ಒಂದೇ ಒಂದು ಮಣೆ ಹಾಕಿರುತ್ತದೆ. “ಎ”, “ದಿ”, “ದಿಸ್”, “ದ್ಯಾಟ್”, “ಮೈ”, “ರವಿ’ಸ್” ಇವುಗಳಲ್ಲಿ ಯಾವುದಾದರೂ ಒಂದು ಆ ಮಣೆಯ ಮೇಲೆ ಕೂರಬೇಕು, ಎರಡು ಕೂರುವಂತಿಲ್ಲ. ಕನ್ನಡದಲ್ಲಿ ಈ ನಿರ್ಬಂಧವಿಲ್ಲ. “ನನ್ನ ಒಬ್ಬ ಗೆಳೆಯ”, “ರವಿಯ ಆ ನಗು” ಎಂದು ಎರಡನ್ನೂ ಸಲೀಸಾಗಿ ಕೂರಿಸಬಹುದು. ಅದನ್ನೇ ಪದಕ್ಕೆ ಪದವಿಟ್ಟು ಬರೆದಾಗ “ಮೈ ವನ್ ಫ್ರೆಂಡ್” ಎಂಬ ವಾಕ್ಯ ಹುಟ್ಟುತ್ತದೆ, ಅದು ಇಂಗ್ಲಿಷ್ ಕಿವಿಗೆ ಇರುವವನು ಒಬ್ಬನೇ ಗೆಳೆಯ ಎಂಬಂತೆ ಕೇಳುತ್ತದೆ. ಹಲವರಲ್ಲಿ ಒಬ್ಬ ಎನ್ನಬೇಕಾದರೆ “ಎ” ಮಣೆಯ ಮೇಲೆ ಕೂರಬೇಕು, ಒಡೆಯ ಹಿಂದಕ್ಕೆ ಸರಿಯಬೇಕು: “ಎ ಫ್ರೆಂಡ್ ಆಫ್ ಮೈನ್”. ನಗುವಿನ ವಾಕ್ಯ “ದ್ಯಾಟ್ ಸ್ಮೈಲ್ ಆಫ್ ರವಿ’ಸ್” ಆಗುತ್ತದೆ. 1762ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ರಾಬರ್ಟ್ ಲೋತ್ ಈ ರಚನೆಯನ್ನು ಗಮನಿಸಿ, ಒಡೆಯನಿಗೆ ಸೇರಿದ ಹಲವರಲ್ಲಿ ಒಬ್ಬ ಎಂದೇ ಅದನ್ನು ಬಿಡಿಸಿದ್ದಾನೆ.

ಈ ನಾಲ್ಕನೆಯ ಬಗೆಯಲ್ಲಿ ಒಂದು ಅಪಾಸ್ಟ್ರಫಿ ಅರ್ಥವನ್ನೇ ತಿರುಗಿಸಿಬಿಡುತ್ತದೆ. “ಎ ಫೋಟೋ ಆಫ್ ಮೈ ಗ್ರ್ಯಾಂಡ್‌ಫಾದರ್” ಎಂದರೆ ಚಿತ್ರದಲ್ಲಿರುವವರು ತಾತ. “ಎ ಫೋಟೋ ಆಫ್ ಮೈ ಗ್ರ್ಯಾಂಡ್‌ಫಾದರ್’ಸ್” ಎಂದರೆ ಫೋಟೋ ತಾತನದು; ಅವರ ಪೆಟ್ಟಿಗೆಯಲ್ಲಿದ್ದದ್ದೋ ಅವರು ತೆಗೆದದ್ದೋ ಆಗಿರಬಹುದು, ಚಿತ್ರದಲ್ಲಿ ಬೇರೆ ಯಾರೋ ಇರಬಹುದು. ಕನ್ನಡದ “ತಾತನ ಫೋಟೋ” ಎಂಬುದರಲ್ಲಿ ಎರಡು ಅರ್ಥವೂ ಅಡಗಿವೆ. ಸಂದರ್ಭ ನೋಡಿ ಆರಿಸಿಕೊಳ್ಳಬೇಕು. ಇಂಗ್ಲಿಷ್ ಅವೆರಡನ್ನು ಬೇರೆಬೇರೆಯಾಗಿ ಬರೆಯುತ್ತದೆ. ಈ ರಚನೆಗೆ ಎರಡು ಮಿತಿಗಳಿವೆ. ಒಡೆಯರು ಸಾಮಾನ್ಯವಾಗಿ ಮನುಷ್ಯರಾಗಿರಬೇಕು, ಗೊತ್ತಾದವರೂ ಆಗಿರಬೇಕು. “ಎ ಲೆಗ್ ಆಫ್ ದಿ ಟೇಬಲ್’ಸ್” ಸಲ್ಲದು. “ದಿ ಫ್ರೆಂಡ್ ಆಫ್ ಮೈ ಫಾದರ್’ಸ್” ಎಂದು ಬರಿದೇ ನಿಲ್ಲಿಸುವುದೂ ಸಲ್ಲದು, ಏಕೆಂದರೆ ಆ ಅರ್ಥಕ್ಕೆ “ಮೈ ಫಾದರ್’ಸ್ ಫ್ರೆಂಡ್” ಇದ್ದೇ ಇದೆ.

ಐದನೆಯದು ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದ ಬಗೆ: “ಇಂಗ್” ಎಂದು ಮುಗಿಯುವ ಜೆರಂಡ್‌ನ ಹಿಂದೆ ಬರುವ ಪೊಸೆಸಿವ್. “ಮದರ್ ಡಿಸ್‌ಲೈಕ್ಸ್ ರವಿ’ಸ್ ಗೋಯಿಂಗ್ ಔಟ್ ಅಟ್ ನೈಟ್” ಎಂಬ ವಾಕ್ಯವನ್ನು ನೋಡಬಹುದು. ಕನ್ನಡದಲ್ಲಿ ಇದು “ರವಿ ರಾತ್ರಿ ಹೊರಗೆ ಹೋಗುವುದು ಅಮ್ಮನಿಗೆ ಇಷ್ಟವಿಲ್ಲ” ಎಂದಾಗುತ್ತದೆ. ಅಮ್ಮನಿಗೆ ಇಷ್ಟವಿಲ್ಲದ್ದು ರವಿಯಲ್ಲ, ಅವನ ಹೋಗುವಿಕೆ. ಮೊದಲ ಸೂತ್ರವೇ ಇಲ್ಲೂ ನಡೆಯುತ್ತದೆ: “ಡಿಸ್‌ಲೈಕ್ಸ್” ಎಂಬ ಕ್ರಿಯಾಪದ ಪೊಸೆಸಿವ್ ಹೊತ್ತ ರವಿಯನ್ನು ದಾಟಿ ಅದರ ಮುಂದಿನ “ಗೋಯಿಂಗ್” ಎಂಬುದನ್ನು ಹಿಡಿಯುತ್ತದೆ. ಪ್ರಿಪೊಸಿಷನ್ನಿನ ಬಳಿಕವೂ ಹಾಗೆಯೇ. “ಹೀ ಲೆಫ್ಟ್ ವಿದೌಟ್ ಹಿಸ್ ಫಾದರ್’ಸ್ ನೋಯಿಂಗ್ ಇಟ್” ಎಂದರೆ ಅಪ್ಪನಿಗೆ ಗೊತ್ತಾಗದ ಹಾಗೆ ಹೊರಟ. ಹೊರಟಿದ್ದು ಅಪ್ಪನಿಲ್ಲದೆ ಎಂದಲ್ಲ, ಅಪ್ಪನ ತಿಳಿವಿಲ್ಲದೆ ಎಂದು. “ದೇ ಇನ್ಸಿಸ್ಟೆಡ್ ಆನ್ ಸೀತಾ’ಸ್ ಸಿಂಗಿಂಗ್” ಎಂದರೆ ಸೀತೆ ಹಾಡಲೇಬೇಕೆಂದು ಪಟ್ಟು ಹಿಡಿದರು.

ಕನ್ನಡದ ಮಗು ಇಲ್ಲಿ ಅಪಾಸ್ಟ್ರಫಿ ಬಿಡುವುದಕ್ಕೆ ಕಾರಣವಿದೆ. “ಹೋಗುವುದು”, “ಬಂದದ್ದು” ಮುಂತಾದ ರೂಪಗಳ ಹಿಂದೆ ಕನ್ನಡ ಪ್ರಥಮಾ ವಿಭಕ್ತಿಯನ್ನೇ ಬಳಸುತ್ತದೆ: ರವಿ ಹೋಗುವುದು, ನೀವು ಬಂದದ್ದು. ಅದೇ ಕೃದಂತ ಭಾವನಾಮವಾದರೆ ಷಷ್ಠಿ ಬರುತ್ತದೆ: ರವಿಯ ಓಟ, ಸೀತೆಯ ನೋಟ, ನಿಮ್ಮ ಬರವು. ಇಂಗ್ಲಿಷಿನ ಜೆರಂಡ್ ಇವೆರಡರ ನಡುವೆ ನಿಂತ ರೂಪ. ಮುಂದಕ್ಕೆ ನೋಡಿದರೆ ಕ್ರಿಯಾಪದದಂತೆ ಕರ್ಮವನ್ನು ಹಿಡಿಯುತ್ತದೆ, ಹಿಂದಕ್ಕೆ ನೋಡಿದರೆ ನಾಮಪದದಂತೆ ಷಷ್ಠಿಯನ್ನು ಬೇಡುತ್ತದೆ. “ರವಿ’ಸ್ ರೀಡಿಂಗ್ ದಿ ಲೆಟರ್” ಎಂಬುದು ಜೆರಂಡ್. “ರವಿ’ಸ್ ರೀಡಿಂಗ್ ಆಫ್ ದಿ ಲೆಟರ್” ಎಂದು “ಆಫ್” ಬಂದ ಕೂಡಲೇ ಅದು ಪೂರ್ತಿ ನಾಮಪದವಾಗಿಬಿಡುತ್ತದೆ, ಆಗ ಪೊಸೆಸಿವ್ ಬಿಡುವ ಮಾತೇ ಇಲ್ಲ. ಕೃದಂತದ ಜೊತೆ ಕರ್ತೃವಿಗೂ ಕರ್ಮಕ್ಕೂ ಷಷ್ಠಿ ಬರುತ್ತದೆಂಬ ವಿಧಿ ಪಾಣಿನಿಯ ಅಷ್ಟಾಧ್ಯಾಯಿಯ 2ನೆಯ ಅಧ್ಯಾಯದ 3ನೆಯ ಪಾದದಲ್ಲೇ ಇದೆ. ರಾಮನ ಆಗಮನ ಎಂಬಲ್ಲಿ ಬರುವವನು ರಾಮ. ಪುಸ್ತಕದ ಪಠಣ ಎಂಬಲ್ಲಿ ಓದಿಸಿಕೊಳ್ಳುವುದು ಪುಸ್ತಕ. ಜೆರಂಡ್‌ನ ಹಿಂದಿನ ಅಪಾಸ್ಟ್ರಫಿ ಎಸ್ ಇದರ ಹತ್ತಿರದ ನೆಂಟ.

ಎಲ್ಲ “ಇಂಗ್” ರೂಪಗಳ ಹಿಂದೆಯೂ ಪೊಸೆಸಿವ್ ಬರುವುದಿಲ್ಲ ಎಂಬುದನ್ನು ಮಕ್ಕಳಿಗೆ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. “ಐ ಸಾ ರವಿ ಕ್ರಾಸಿಂಗ್ ದಿ ರೋಡ್” ಎಂಬಲ್ಲಿ ಕಣ್ಣಿಗೆ ಬಿದ್ದವನು ರವಿಯೇ. ರಸ್ತೆ ದಾಟುತ್ತಿದ್ದ ರವಿ. ಹಾಗಾಗಿ ಅಪಾಸ್ಟ್ರಫಿ ಬೇಡ. “ಸೀ”, “ಹಿಯರ್”, “ವಾಚ್”, “ನೋಟಿಸ್”, “ಫೈಂಡ್”, “ಕ್ಯಾಚ್”, “ಕೀಪ್”, “ಲೀವ್” ಎಂಬ ಕ್ರಿಯಾಪದಗಳ ಬಳಿಕ ಬರಿಯ ನಾಮಪದವೇ ಸರಿ. “ಅಪ್ರಿಶಿಯೇಟ್”, “ರಿಸೆಂಟ್”, “ಎಕ್ಸ್‌ಕ್ಯೂಸ್”, “ಫರ್ಗಿವ್”, “ಜಸ್ಟಿಫೈ” ಎಂಬವುಗಳ ಬಳಿಕ ಪೊಸೆಸಿವ್ ಚೆನ್ನಾಗಿ ಹೊಂದುತ್ತದೆ. ಪ್ರಿಪೊಸಿಷನ್‌ಗಳಲ್ಲಿ “ವಿದೌಟ್”, “ಅಬೌಟ್”, “ಆಫ್”, “ಆನ್”, “ಇನ್‌ಸ್ಟೆಡ್ ಆಫ್”, “ಆಬ್ಜೆಕ್ಟ್ ಟು” ಎಂಬುದರ “ಟು”, “ಲುಕ್ ಫಾರ್ವರ್ಡ್ ಟು” ಎಂಬುದರ “ಟು” ಇವೆಲ್ಲ ಪೊಸೆಸಿವನ್ನು ಒಪ್ಪುತ್ತವೆ. “ವಿತ್” ಮಾತ್ರ ಬೇರೆ. “ವಿತ್ ದಿ ಟೀಚರ್ ವಾಚಿಂಗ್, ನೋಬಡಿ ಟಾಕ್ಡ್” ಎಂಬಲ್ಲಿ ಮೇಷ್ಟ್ರು ನೋಡುತ್ತಿದ್ದುದರಿಂದ ಯಾರೂ ಮಾತಾಡಲಿಲ್ಲ ಎಂಬ ಸನ್ನಿವೇಶವನ್ನು ಹೇಳಿದೆ. ಅಲ್ಲಿ ಪೊಸೆಸಿವ್ ಬರುವುದಿಲ್ಲ.

ಪೊಸೆಸಿವ್ ಬೇಕಾದಲ್ಲಿ ಬರಿಯ ನಾಮಪದ ಬಳಸುವುದು ತಪ್ಪೇ ಎಂಬ ಬಗ್ಗೆ ಇಂಗ್ಲಿಷ್ ಪಂಡಿತರಲ್ಲೇ ದೊಡ್ಡ ವಾಗ್ವಾದ ನಡೆಯಿತು. ಎಚ್. ಡಬ್ಲ್ಯು. ಫೌಲರ್ ಮತ್ತು ಅವನ ತಮ್ಮ ಎಫ್. ಜಿ. ಫೌಲರ್ 1906ರಲ್ಲಿ ಪ್ರಕಟಿಸಿದ “ದಿ ಕಿಂಗ್’ಸ್ ಇಂಗ್ಲಿಷ್” ಗ್ರಂಥ ಈ ಬರಿಯ ರೂಪಕ್ಕೆ “ಫ್ಯೂಸ್ಡ್ ಪಾರ್ಟಿಸಿಪಲ್” ಎಂಬ ಹೆಸರಿಟ್ಟು ಅದನ್ನು ಖಂಡಿಸಿತು. 1926ರ “ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್” ಆ ಖಂಡನೆಯನ್ನು ಇನ್ನಷ್ಟು ಬಿಗಿಯಾಗಿ ಮುಂದಿಟ್ಟಿತು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ ಇದನ್ನು ಒಪ್ಪಲಿಲ್ಲ. ಒಳ್ಳೆಯ ಲೇಖಕರೇ ಬಹುಕಾಲದಿಂದ ಎರಡೂ ರೂಪಗಳನ್ನು ಬಳಸುತ್ತಾ ಬಂದಿದ್ದಾರೆ ಎಂಬುದನ್ನು ಅವರ ಬರಹಗಳಿಂದಲೇ ಆರಿಸಿ ತೋರಿಸಿದ. ಇಂದಿನ ಬಳಕೆ ಯೆಸ್ಪರ್ಸನ್‌ನ ಕಡೆಗೇ ವಾಲಿದೆ. ಮಾತಿನಲ್ಲಿ “ಡೂ ಯು ಮೈಂಡ್ ಮೀ ಸಿಟಿಂಗ್ ಹಿಯರ್?” ಎಂಬುದು ಸಹಜ; ಗಂಭೀರ ಬರವಣಿಗೆಯಲ್ಲಿ “ಮೈ ಸಿಟಿಂಗ್” ಹೆಚ್ಚು ಮರ್ಯಾದೆಯದು. ವಾಕ್ಯದ ತಲೆಯಲ್ಲೇ ಬಂದಾಗ, ಅದರಲ್ಲೂ ಸರ್ವನಾಮವಾದಾಗ, ಪೊಸೆಸಿವ್‌ಗೇ ಆದ್ಯತೆ: “ಯುವರ್ ಕಮಿಂಗ್ ಮೇಡ್ ಅಸ್ ಹ್ಯಾಪಿ”.

ಕೆಲವೆಡೆ ಪೊಸೆಸಿವ್ ಹಾಕುವುದು ಸಾಧ್ಯವಿಲ್ಲ, ಇಲ್ಲವೇ ಕಿವಿಗೆ ಹಿತವಲ್ಲ. ನಾಮಪದ ಉದ್ದದ ಪುಂಜವಾಗಿದ್ದರೆ, “ದಿಸ್”, “ದೋಸ್”, “ಸಮ್” ಮುಂತಾದ ಪದವಾಗಿದ್ದರೆ, “ದೇರ್ ಬೀಯಿಂಗ್” ಎಂಬ ರಚನೆಯಾಗಿದ್ದರೆ ಅಪಾಸ್ಟ್ರಫಿ ಎಸ್ ಕೂರುವುದಿಲ್ಲ. ಜೀವವಿಲ್ಲದ ವಸ್ತುಗಳಿಗೂ ಅದು ಅಪರೂಪ: “ದೇರ್ ಈಸ್ ನೋ ಚಾನ್ಸ್ ಆಫ್ ದಿ ಟ್ರೇನ್ ಅರೈವಿಂಗ್ ಆನ್ ಟೈಮ್”. ಇಂಥ ವಾಕ್ಯ ಬರೆದ ಮಗುವಿನ ಅಂಕ ಕಳೆಯುವುದು ನ್ಯಾಯವಲ್ಲ.

ಐದು ಬಗೆಗಳನ್ನೂ ಒಂದೇ ಪರೀಕ್ಷೆಗೆ ಒಡ್ಡಬಹುದು. ಪೊಸೆಸಿವ್‌ನ ಮುಂದಿನ ಪದಕ್ಕೆ ಕೆಳಗೆರೆ ಎಳೆಸಬೇಕು. ಪದವಿಲ್ಲದಿದ್ದರೆ ಅಲ್ಲೊಂದು ಖಾಲಿ ಚೌಕ ಬರೆಸಿ, ಅದರೊಳಗೆ ಬಿಟ್ಟುಹೋದ ಪದವನ್ನು ತುಂಬಿಸಬೇಕು. “ಐ ಯೂಸ್ಡ್ ರವಿ’ಸ್” ಎಂಬುದರ ಚೌಕದಲ್ಲಿ ಪೆನ್, “ಅಟ್ ಮೈ ಅಂಕಲ್’ಸ್” ಎಂಬುದರ ಚೌಕದಲ್ಲಿ ಹೌಸ್, “ಅಟ್ ಲಾರ್ಡ್’ಸ್” ಎಂಬುದರ ಚೌಕದಲ್ಲಿ ಗ್ರೌಂಡ್ ಬರುತ್ತವೆ. “ಎ ಫ್ರೆಂಡ್ ಆಫ್ ಮೈ ಫಾದರ್’ಸ್” ಎಂಬುದರ ಚೌಕದಲ್ಲಿ ಫ್ರೆಂಡ್ಸ್ ಬರುತ್ತದೆ. “ರವಿ’ಸ್ ಗೋಯಿಂಗ್” ಎಂಬಲ್ಲಿ ಚೌಕವೇ ಬೇಡ, “ಗೋಯಿಂಗ್” ಎದುರಿಗೇ ಇದೆ. ಚೌಕಕ್ಕೆ ಹಾಕಲು ಏನೂ ಸಿಗದಿದ್ದರೆ ಅಪಾಸ್ಟ್ರಫಿ ಅಲ್ಲಿ ಇರಬಾರದು ಎಂದೇ ಅರ್ಥ.

ಇದಕ್ಕೆ ಹೊಸ ಪುಸ್ತಕ ಬೇಡ, ಹೆಚ್ಚಿನ ಪೀರಿಯಡ್ಡೂ ಬೇಡ. ಕನ್ನಡದ ಷಷ್ಠಿಯನ್ನು ಚೆನ್ನಾಗಿ ಬಲ್ಲ ಮಗುವಿಗೆ ಇಂಗ್ಲಿಷಿನ ಪೊಸೆಸಿವ್ ಕಲಿಸಲು ಆ ಷಷ್ಠಿಯೇ ಮೆಟ್ಟಿಲಾಗಬೇಕು. ಮಾತೃಭಾಷೆಯನ್ನು ಇಂಗ್ಲಿಷ್ ತರಗತಿಯ ಬಾಗಿಲ ಹೊರಗೆ ನಿಲ್ಲಿಸಬಾರದು. ಅಪಾಸ್ಟ್ರಫಿ ಎಸ್ ಕಂಡಲ್ಲೆಲ್ಲ ಶಿಕ್ಷಕರು ಮಕ್ಕಳಿಂದ ಒಂದೇ ಪ್ರಶ್ನೆ ಕೇಳಿಸಬೇಕು ಎಂಬುದು ಈ ಪತ್ರದ ಕೋರಿಕೆ: ಯಾರದು ಎಂಬುದು ಗೊತ್ತಾಯಿತು, ಆದರೆ ಯಾವುದು?